ಜೇಡಬೇಟೆಯ ಕಣಜಗಳು: ಆಹಾರ ಮತ್ತು ಗೂಡುಕಟ್ಟುವಿಕೆ

ಜೇಡಬೇಟೆಯ ಕಣಜಗಳು ಹೈಮೆನಾಪ್ಟೆರ ಗಣದ ಪಾಂಪಿಲಿಡೇ ಕುಟುಂಬಕ್ಕೆ ಸೇರಿದ ಕೀಟಗಳು. ಜೇನುನೊಣ, ಇರುವೆ, ಕಡಜಗಳು ಇವುಗಳ ನೆಂಟರಾದರೂ ಅವುಗಳಂತೆ ಇವು ಗುಂಪುಕಟ್ಟಿ ಬಾಳುವುದಿಲ್ಲ. ರಾಣಿಯಿಲ್ಲ, ಆಳುಗಳಿಲ್ಲ; ಹೆಣ್ಣು ಒಂಟಿಯಾಗಿ ಬೇಟೆಯಾಡಿ, ಒಂಟಿಯಾಗಿ ಗೂಡು ಮಾಡಿ, ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಪ್ರಪಂಚದಲ್ಲಿ ಸುಮಾರು 5,000 ಪ್ರಭೇದಗಳನ್ನು ಗುರುತಿಸಲಾಗಿದೆ. ಉಷ್ಣವಲಯದಲ್ಲಿ ಇವುಗಳ ವೈವಿಧ್ಯ ಹೆಚ್ಚು. ಕರ್ನಾಟಕದ ಕಾಡು, ತೋಟ, ಮನೆಯಂಗಳಗಳಲ್ಲೂ ಕಾಣಸಿಗುತ್ತವೆ.

ಈ ಕುಟುಂಬದ ಬದುಕನ್ನು ಒಂದು ಕಟ್ಟಳೆ ಆಳುತ್ತದೆ: ಒಂದು ಮರಿಗೆ ಒಂದೇ ಜೇಡ. ಮೊಟ್ಟೆಯೊಡೆದು ಬಂದ ಮರಿಹುಳು ರೆಕ್ಕೆ ಮೂಡಿಸಿಕೊಂಡು ಹೊರಬರುವವರೆಗೆ ಬೇಕಾದಷ್ಟು ಆಹಾರವೂ ಆ ಒಂದು ಜೇಡದ ಮೈಯಲ್ಲೇ ಇರಬೇಕು. ಸಾಲದೆ ಬಂದರೆ ತಾಯಿ ಇನ್ನೊಂದನ್ನು ತಂದುಕೊಡುವುದಿಲ್ಲ. ಎಷ್ಟು ದೊಡ್ಡ ಜೇಡವನ್ನು ಹಿಡಿಯಬೇಕು, ಅದನ್ನು ಹೊತ್ತೊಯ್ಯಬೇಕೋ ಎಳೆದೊಯ್ಯಬೇಕೋ, ಗೂಡನ್ನು ಬೇಟೆಗೆ ಮೊದಲು ಮಾಡಬೇಕೋ ಆಮೇಲೋ, ಇಡುವ ಮೊಟ್ಟೆ ಗಂಡಾಗಬೇಕೋ ಹೆಣ್ಣಾಗಬೇಕೋ, ಇವೆಲ್ಲ ಆ ಕಟ್ಟಳೆಯಿಂದಲೇ ಹುಟ್ಟಿದ ಪ್ರಶ್ನೆಗಳು. ಪ್ರಭೇದದಿಂದ ಪ್ರಭೇದಕ್ಕೆ ಉತ್ತರ ಬೇರೆಯಾಗುತ್ತದೆ. ಈ ಕಣಜಗಳ ಅಧ್ಯಯನ ಇಷ್ಟು ರುಚಿಕಟ್ಟಾಗಿರುವುದು ಅದಕ್ಕೇ.

ಮೈಕಟ್ಟು: ಹೆಚ್ಚಿನವುಗಳ ಬಣ್ಣ ಕಪ್ಪು ಅಥವಾ ನೀಲಿಗಪ್ಪು. ಕೆಲವಕ್ಕೆ ಹೊಟ್ಟೆಯ ಮೇಲೆ ಕೆಂಪು ಅಥವಾ ಹಳದಿ ಪಟ್ಟೆ, ಕೆಲವಕ್ಕೆ ಕಿತ್ತಳೆ ಬಣ್ಣದ ರೆಕ್ಕೆ. ಅರ್ಧ ಸೆಂಟಿಮೀಟರ್ ಉದ್ದದ ಪುಟ್ಟ ಪ್ರಭೇದಗಳಿವೆ. ಅಮೆರಿಕ ಖಂಡಗಳ ಪೆಪ್ಸಿಸ್ ಜಾತಿಯ ದೊಡ್ಡ ಹೆಣ್ಣುಗಳು 5 ಸೆಂ.ಮೀ.ಗೂ ಮೀರಿ ಬೆಳೆಯುತ್ತವೆ. ಕಾಲುಗಳು ಬಲು ಉದ್ದ, ಮುಳ್ಳುಮುಳ್ಳು. ಹೆಣ್ಣಿನ ಕುಡಿಮೀಸೆಗಳು ತುದಿಯಲ್ಲಿ ಸುರುಳಿಯಾಗಿ ಬಾಗಿರುತ್ತವೆ. ಇವುಗಳನ್ನು ದೂರದಿಂದಲೇ ಗುರುತಿಸಲು ನಡೆಯೊಂದು ಸಾಕು. ನೆಲದ ಮೇಲೆ ತುಸು ದೂರ ಓಡಿ, ಗಕ್ಕನೆ ನಿಂತು, ರೆಕ್ಕೆಗಳನ್ನು ಅದುರಿಸಿ, ಕುಡಿಮೀಸೆಯಿಂದ ಮಣ್ಣು ತಡಕಿ, ಮತ್ತೆ ಓಡುತ್ತವೆ. ಹೀಗೆ ಕಲ್ಲಿನ ಸಂದು, ಒಣಗೆಲೆಯ ಅಡಿ, ಗೋಡೆಯ ಬಿರುಕು ಒಂದನ್ನೂ ಬಿಡದೆ ಹುಡುಕುತ್ತಿರುವುದು ಜೇಡ ಅರಸುವ ಹೆಣ್ಣು.

ಬೆಳೆದ ಕಣಜದ ಆಹಾರ: ಜೇಡ ಮರಿಗೆ ಮೀಸಲು; ಬೆಳೆದ ಕಣಜದ ಆಹಾರ ಮುಖ್ಯವಾಗಿ ಹೂವಿನ ಮಕರಂದ. ನಾಲಿಗೆ ಗಿಡ್ಡವಾದ್ದರಿಂದ ಆಳದ ಕೊಳವೆ ಹೂಗಳು ಹೆಚ್ಚಿನವಕ್ಕೆ ಎಟುಕುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆಗಳ ಕುಟುಂಬದ ಗಿಡಗಳಲ್ಲಿರುವಂತೆ ಮಕರಂದ ಮೇಲೆಯೇ ತೆರೆದಿರುವ ಸಣ್ಣ ಹೂಗಳ ಗೊಂಚಲು ಅವಕ್ಕೆ ಇಷ್ಟ. ಎಲೆಯ ಮೇಲೆ ಸಸ್ಯಹೇನುಗಳು ಸುರಿಸುವ ಸಿಹಿಯಂಟನ್ನೂ ನೆಕ್ಕುತ್ತವೆ. ಅಮೆರಿಕದ ಮರುಭೂಮಿಯಲ್ಲಿ ಪೆಪ್ಸಿಸ್ ಕಣಜಗಳು ನಮ್ಮ ಎಕ್ಕದ ಕುಟುಂಬಕ್ಕೇ ಸೇರಿದ ಹಾಲುಗಿಡಗಳ ಹೂಗಳಿಗೆ ಮುತ್ತಿಕೊಳ್ಳುತ್ತವೆ. ದಕ್ಷಿಣ ಆಫ್ರಿಕದ ಹುಲ್ಲುಗಾವಲುಗಳಲ್ಲಿ ಈ ನಂಟು ಇನ್ನೂ ಬಿಗಿಯಾಗಿದೆ. ಅಲ್ಲಿನ ಪ್ಯಾಕಿಕಾರ್ಪಸ್ ಎಂಬ ಹಾಲುಗಿಡಗಳೂ ಕೆಲವು ಆರ್ಕಿಡ್‌ಗಳೂ ಪರಾಗಸ್ಪರ್ಶಕ್ಕೆ ಹೆಮಿಪೆಪ್ಸಿಸ್ ಕಣಜಗಳನ್ನೇ ನೆಚ್ಚಿಕೊಂಡಿವೆ. ಈ ಹೂಗಳು ಕಣ್ಣಿಗೆ ಮಂಕು, ಹಸಿರು ಇಲ್ಲವೇ ಕಂದು. ಕಣಜವನ್ನು ಕರೆಯುವುದು ಅವುಗಳ ವಾಸನೆ. ಕೆಲವು ಪ್ಯಾಕಿಕಾರ್ಪಸ್‌ಗಳ ಮಕರಂದ ಜೇನುನೊಣಕ್ಕೆ ಸೇರದು, ಹೆಮಿಪೆಪ್ಸಿಸ್ ಮಾತ್ರ ಅದನ್ನು ಹಿಂಜರಿಯದೆ ಹೀರುತ್ತದೆ. ಬೇಟೆಗಾರನೆಂದೇ ಹೆಸರಾದ ಕೀಟವೊಂದು ಗಿಡಗಳ ವಂಶ ಬೆಳೆಸುವ ಕೆಲಸವನ್ನೂ ಹೊತ್ತಿರುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಬೆಳೆದ ಕಣಜ ಜೇಡದ ರಸವನ್ನು ಮುಟ್ಟುವುದೇ ಇಲ್ಲವೆಂದಲ್ಲ. ಕೆಲವು ಪ್ರಭೇದಗಳ ಹೆಣ್ಣುಗಳು ಬೇಟೆಯ ಗಾಯದಿಂದ ಜಿನುಗುವ ದ್ರವವನ್ನು ಕುಡಿಯುತ್ತವೆ. ಜೇಡದ ಕಾಲು ಕತ್ತರಿಸುವ ಕಣಜಗಳಲ್ಲಿ ಈ ಅಭ್ಯಾಸ ಕಂಡುಬಂದಿದೆ.

ಗಂಡುಗಳು ಬೇಟೆಗೂ ಗೂಡಿಗೂ ಕೈಹಾಕುವುದಿಲ್ಲ. ಅರಿಜೋನದಲ್ಲಿ ಜಾನ್ ಆಲ್ಕಾಕ್ ಹಲವು ವರ್ಷ ಗಮನಿಸಿದ ಹೆಮಿಪೆಪ್ಸಿಸ್ ಪ್ರಭೇದವೊಂದರ ಗಂಡುಗಳು ಬೆಟ್ಟದ ನೆತ್ತಿಯ ಗಿಡಮರಗಳನ್ನು ಹಂಚಿಕೊಂಡು ಕಾಯುತ್ತ ಹೆಣ್ಣುಗಳ ದಾರಿ ನೋಡುತ್ತವೆ. ವರ್ಷ ಉರುಳಿ ಹೊಸ ತಲೆಮಾರು ಬಂದರೂ ಪೈಪೋಟಿ ಹೆಚ್ಚಾಗಿ ಅವೇ ಗಿಡಗಳಿಗೆ.

ಬೇಟೆ: ಯಾವ ಜೇಡ ಎಂಬ ಆಯ್ಕೆ ವಂಶಕ್ಕೆ ತಕ್ಕಂತೆ. ಯುರೋಪಿನ ಮರಳುನಾಡಿನ ಪಾಂಪಿಲಸ್ ಸಿನೆರಿಯಸ್ ಮುಖ್ಯವಾಗಿ ತೋಳಜೇಡಗಳನ್ನು ಹಿಡಿಯುತ್ತದೆ. ಜೇಡ ಮರಳಿನೊಳಗೆ ಅಡಗಿದ್ದರೆ ತೋಡಿ ತೆಗೆಯುತ್ತದೆ. ಏಪೋರಸ್ ಜಾತಿಯವು ಬಿಲದ ಬಾಯಿಗೆ ಮುಚ್ಚಳ ಹೊಂದಿಸಿ ಬದುಕುವ ಜೇಡಗಳ ಬೆನ್ನುಬೀಳುತ್ತವೆ. ಪೆಪ್ಸಿಸ್ ಮತ್ತು ಹೆಮಿಪೆಪ್ಸಿಸ್‌ಗಳ ಗುರಿ ದೊಡ್ಡ ರೋಮಶ ಟ್ಯಾರಂಟುಲಾಗಳು. ಭಾರತದಿಂದ ಜಪಾನಿನವರೆಗೆ ಹರಡಿರುವ, ಕಪ್ಪು ಮೈ ಕೆಂಪು ತುದಿಯ ಟ್ಯಾಕಿಪಾಂಪಿಲಸ್ ಅನಾಲಿಸ್ ಹಿಡಿಯುವ ಜೇಡ ನಮ್ಮ ಮನೆಗಳಲ್ಲಿ ಎಲ್ಲರೂ ಕಂಡದ್ದೇ. ಬಲೆ ನೇಯದೆ ರಾತ್ರಿ ಬಚ್ಚಲಿನ ಗೋಡೆಯ ಮೇಲೆ ಜಿರಳೆಗಾಗಿ ಹೊಂಚುವ, ಅಂಗೈಯಗಲ ಕಾಲು ಚಾಚಿ ಕೂರುವ, ಚಪ್ಪಟೆ ಮೈಯ ಕಂದು ಜೇಡ ಅದು. ಶಾಸ್ತ್ರೀಯ ಹೆಸರು ಹೆಟೆರೊಪೋಡ ವೆನಟೋರಿಯ. ಹಗಲು ಹೊತ್ತು ಹಂಚಿನ ಸಂದಿಯಲ್ಲೋ ಬಾಗಿಲ ಹಿಂದೆಯೋ ಅವಿತಿರುವ ಅದನ್ನು ಕಣಜ ಹುಡುಕಿ ಎಬ್ಬಿಸುತ್ತದೆ.

ಬೇಟೆಯೂ ಬೇಟೆಗಾರನೇ ಆಗಿರುವುದು ಈ ಕಾಳಗದ ವಿಶೇಷ. ಜೇಡಕ್ಕೆ ವಿಷಹಲ್ಲುಗಳಿವೆ, ಬಲವಿದೆ, ಹಲವು ಸಲ ಕಣಜದ ಹಲವು ಪಟ್ಟು ತೂಕವೂ ಇದೆ. ಅದನ್ನು ಕೊಲ್ಲುವುದಾದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಸತ್ತ ಜೇಡ ಕೊಳೆಯುತ್ತದೆ, ಮರಿಗೆ ದಕ್ಕುವುದಿಲ್ಲ. ಉಸಿರಿರಬೇಕು, ಅಲುಗಾಡಬಾರದು. ಫ್ರಾನ್ಸಿನ ಝಾನ್ ಆನ್ರಿ ಫಾಬ್ರ್ (1823–1915) ದೊಡ್ಡ ತೋಳಜೇಡವನ್ನೂ ಅದನ್ನು ಬೇಟೆಯಾಡುವ ಕಣಜವನ್ನೂ ಒಂದೇ ಗಾಜಿನ ಪಾತ್ರೆಯಲ್ಲಿಟ್ಟು ಈ ಚುಚ್ಚುವಿಕೆಯನ್ನು ಕಣ್ಣಾರೆ ಕಂಡರು. ಕಣಜ ಮೊದಲ ಬಾರಿ ಕೊಂಡಿ ಇಳಿಸಿದ್ದು ಜೇಡದ ಬಾಯಿಯ ಬಳಿ. ಒಡನೆ ವಿಷಹಲ್ಲುಗಳು ನಿಶ್ಚಲವಾದವು. ಎರಡನೆಯ ಸಲ ಚುಚ್ಚಿದ್ದು ಎದೆಯ ಕೆಳಗೆ, ಕಾಲುಗಳನ್ನು ಆಡಿಸುವ ನರಗಳು ಕೂಡುವೆಡೆ. ಮೊದಲು ಆಯುಧ ಕಸಿದು ಆಮೇಲೆ ಕಾಲು ಕಟ್ಟುವ ಈ ಕ್ರಮ ಎಲ್ಲ ಪ್ರಭೇದಗಳಲ್ಲೂ ಹೀಗೆಯೇ ಇರುವುದಿಲ್ಲ. ಆದರೂ ಫಾಬ್ರ್ ಬರೆದಿಟ್ಟ ವಿವರಣೆ ಇಂದಿಗೂ ಓದಬೇಕಾದದ್ದು. ಕೀಟವನ್ನು ಸೂಜಿಗೆ ಚುಚ್ಚಿ ಹೆಸರಿಡುವುದೇ ಶಾಸ್ತ್ರವಾಗಿದ್ದ ಕಾಲದಲ್ಲಿ ಅವರು ಬದುಕಿರುವ ಕೀಟದ ಮುಂದೆ ಗಂಟೆಗಟ್ಟಲೆ ಕುಳಿತರು. ಗೋಡೆಯ ಬಿರುಕಿನಲ್ಲಿ ರೇಷ್ಮೆಯ ಕೊಳವೆ ಹೆಣೆದು ಕೂತ ಜೇಡದ ಬೇಟೆಯನ್ನೂ ಅವರು ನೋಡಿದ್ದಾರೆ. ಕಣಜ ಒಳಗೆ ನುಗ್ಗುವುದಿಲ್ಲ. ಹೊಸ್ತಿಲಲ್ಲಿ ಜೇಡದ ಒಂದು ಕಾಲು ಸಿಕ್ಕಿದೊಡನೆ ಜಗ್ಗಿ ಹೊರಗೆಸೆಯುತ್ತದೆ. ಮನೆಯೊಳಗೆ ಎದುರಿಸಿ ನಿಲ್ಲುವ ಜೇಡ ಹೊರಗೆ ಬಿದ್ದೊಡನೆ ದಿಕ್ಕುಗೆಟ್ಟು ಮುದುಡುತ್ತದೆ.

ಟ್ಯಾರಂಟುಲಾಗಳ ನಡವಳಿಕೆ ಇನ್ನೂ ವಿಚಿತ್ರ. ಅಲೆಕ್ಸಾಂಡರ್ ಪೆಟ್ರುಂಕೆವಿಚ್ 1952ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, ಪೆಪ್ಸಿಸ್ ಹೆಣ್ಣು ಜೇಡದ ಮೈಯನ್ನೆಲ್ಲ ಕುಡಿಮೀಸೆಯಿಂದ ಸವರಿ ಪರೀಕ್ಷಿಸುತ್ತಿದ್ದರೂ ಟ್ಯಾರಂಟುಲಾ ಹೆಚ್ಚಾಗಿ ಸುಮ್ಮನೆ ನಿಲ್ಲುತ್ತದೆ. ಕಣಜ ಪಕ್ಕದಲ್ಲೇ ಗುಳಿ ತೋಡಿ ಮರಳಿ ಬರುವವರೆಗೂ ಅದು ಓಡಿಹೋಗುವುದಿಲ್ಲ. ತದ್ವಿರುದ್ಧ ಉದಾಹರಣೆ ನಮೀಬ್ ಮರುಭೂಮಿಯದು. ಅಲ್ಲಿನ ಮರಳುದಿಬ್ಬಗಳ ಕಾರ್ಪರಾಕ್ನೆ ಆರಿಯೋಫ್ಲಾವ ಎಂಬ ಪುಟ್ಟ ಜೇಡ, ಕಣಜ ಬಿಲವನ್ನು ತೋಡತೊಡಗಿದರೆ ಹೊರಗೆ ಹಾರಿ, ಕಾಲು ಮಡಿಸಿ, ಅಡ್ಡಮಗ್ಗುಲಾಗಿ ಇಳಿಜಾರಿನಲ್ಲಿ ಉರುಳಿಬಿಡುತ್ತದೆ. ಸೆಕೆಂಡಿಗೆ 44 ಸುತ್ತಿನವರೆಗಿನ ವೇಗ ದಾಖಲಾಗಿದೆ.

ಸಾಗಣೆ: ಜೇಡ ನಿಶ್ಚೇಷ್ಟವಾದ ಮೇಲೆ ನಿಜವಾದ ಕಷ್ಟ ಶುರು. ಹತ್ತಾರು ಸಣ್ಣ ಬೇಟೆಗಳನ್ನು ಒಂದೊಂದಾಗಿ ಹೊತ್ತು ಹಾರುವ ಅನುಕೂಲ ಈ ಕುಟುಂಬಕ್ಕಿಲ್ಲ. ಇಡೀ ಮರಿಯ ಅನ್ನ ಒಂದೇ ಹೊರೆ. ಹಾರುವುದಾಗದು, ಎಳೆಯಬೇಕು. ಹೆಚ್ಚಿನ ಹೆಣ್ಣುಗಳು ಜೇಡದ ಕಾಲಬುಡವನ್ನೋ ಬಾಯಿಯ ಭಾಗವನ್ನೋ ದವಡೆಯಲ್ಲಿ ಕಚ್ಚಿ ಹಿಂದಡಿಯಿಡುತ್ತ ಎಳೆಯುತ್ತವೆ. ಹೀಗೆ ಹೋಗುವಾಗ ದಾರಿ ಕಾಣದು. ಆದ್ದರಿಂದ ಆಗಾಗ ಹೊರೆಯನ್ನು ಬಿಟ್ಟು, ತಿರುಗಿ ಓಡಿ, ಗೂಡಿನ ದಿಕ್ಕು ನೋಡಿಕೊಂಡು ಮರಳಿ ಬರುತ್ತವೆ. ಕಲ್ಲು, ಕಡ್ಡಿ, ಗಿಡದ ಬುಡಗಳೇ ಅವುಗಳ ನೆನಪಿನ ಗುರುತುಗಳು. ಅಡ್ಡ ಬಂದ ಗಿಡದ ಮೇಲೆ ಜೇಡವನ್ನು ಎಳೆದೇರಿಸಿ ಅಲ್ಲಿಂದ ತೇಲಿದಂತೆ ಕೆಳಗೆ ಹಾರಿ ಒಂದಿಷ್ಟು ದೂರ ಉಳಿಸುವ ಕಣಜಗಳೂ ಇವೆ. ಅಮೆರಿಕದ ಅನಾಪ್ಲಿಯಸ್ ಡಿಪ್ರೆಸಿಪೆಸ್ ಕೊಳಗಳ ಅಂಚಿನ ಮೀನುಜೇಡಗಳನ್ನು ಬೇಟೆಯಾಡುತ್ತದೆ. ಜೇಡ ನೀರಿನೊಳಗೆ ಮುಳುಗಿ ತಪ್ಪಿಸಿಕೊಂಡರೆ ತಾನೂ ಮುಳುಗುತ್ತದೆ. ಹಿಡಿದ ಬೇಟೆಯನ್ನು ನೀರಿನ ಮೇಲೆ ತೇಲಿಸಿ ದಡಕ್ಕೆ ಒಯ್ಯುತ್ತದೆ.

ಆಪ್ಲೋಪಸ್ ಮತ್ತು ಅದರ ಬಳಗದ ಕಣಜಗಳು ಈ ತೊಡಕಿಗೆ ಕಠೋರವಾದ ಪರಿಹಾರ ಕಂಡುಕೊಂಡಿವೆ. ಜೇಡವನ್ನು ಚುಚ್ಚಿದ ಮೇಲೆ ಹೆಣ್ಣು ಅದರ ಕಾಲುಗಳನ್ನು ಬುಡದಲ್ಲಿ ಒಂದೊಂದಾಗಿ ಕತ್ತರಿಸುತ್ತದೆ, ಕೆಲವೊಮ್ಮೆ ಎಂಟನ್ನೂ. ಉಳಿದ ಗುಂಡಗಿನ ಮೈಯನ್ನು ತನ್ನ ಹೊಟ್ಟೆಯಡಿ ತೂಗುಹಾಕಿಕೊಂಡು ಮುಂದಕ್ಕೇ ನಡೆಯುತ್ತದೆ, ಹಗುರವಿದ್ದರೆ ಹಾರುತ್ತದೆ. ಕಾಲಿಲ್ಲದ ಜೇಡ ಕಡ್ಡಿಕಸಕ್ಕೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ಇಕ್ಕಟ್ಟಿನ ಗೂಡಿನಲ್ಲಿ ಸಲೀಸಾಗಿ ಹಿಡಿಸುತ್ತದೆ.

ಗೂಡು: ಬೇರೆ ಬೇಟೆಗಾರ ಕಣಜಗಳಲ್ಲಿ ಬಹುಪಾಲು ಮೊದಲು ಗೂಡು ಮಾಡಿ ಆಮೇಲೆ ಬೇಟೆಗೆ ಹೊರಡುತ್ತವೆ. ಪಾಂಪಿಲಿಡೇ ಕುಟುಂಬದಲ್ಲಿ ಮೊದಲು ಬೇಟೆ, ಆಮೇಲೆ ಗೂಡು ಎಂಬ ಕ್ರಮವೇ ಹೆಚ್ಚು. ಎಳೆಯುವ ದೂರ ಕಡಿಮೆಯಾಗಬೇಕಾದರೆ ಬೇಟೆ ಸಿಕ್ಕ ಜಾಗದ ಹತ್ತಿರವೇ ತೋಡುವುದು ಒಳ್ಳೆಯದು. ಆದರೆ ತೋಡುವಷ್ಟು ಹೊತ್ತು ಜೇಡವನ್ನು ಎಲ್ಲಿಡುವುದು? ನೆಲದಲ್ಲಿಟ್ಟರೆ ಇರುವೆಗಳು ಕಾಯುತ್ತಿರುತ್ತವೆ. ಅನೇಕ ಹೆಣ್ಣುಗಳು ಜೇಡವನ್ನು ಪಕ್ಕದ ಗಿಡದ ಕವಲಿನಲ್ಲಿ ಸಿಕ್ಕಿಸಿಟ್ಟು ತೋಡುತ್ತವೆ, ನಡುನಡುವೆ ಬಂದು ಮುಟ್ಟಿ ನೋಡಿ ಹೋಗುತ್ತವೆ.

ನೆಲದ ಗೂಡು ಸಾಮಾನ್ಯವಾಗಿ ಓರೆಯಾಗಿ ಇಳಿದು ಒಂದು ಕೋಣೆಯಲ್ಲಿ ಮುಗಿಯುವ ಗಿಡ್ಡ ಸುರಂಗ. ಮುಂಗಾಲಿನ ಮುಳ್ಳುಸಾಲಿನಿಂದ ಮಣ್ಣು ಕೆರೆದು ಹಿಂದಕ್ಕೆ ದೂಡಿ ಇದನ್ನು ತೋಡುತ್ತವೆ. ಜೇಡವನ್ನು ಒಳಗೆಳೆದು ಅದರ ಹೊಟ್ಟೆಯ ಮೇಲೆ ಒಂದು ಮೊಟ್ಟೆ ಅಂಟಿಸಿ ಹೊರಬರುವ ಹೆಣ್ಣು, ಮಣ್ಣು ತುಂಬುತ್ತ ಹೊಟ್ಟೆಯ ತುದಿಯಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡುತ್ತದೆ. ಕೊನೆಗೆ ಕಡ್ಡಿ, ಹರಳು, ಒಣಗೆಲೆ ಎಳೆದುಹಾಕಿ ಗುರುತು ಸಿಗದಂತೆ ಮಾಡುವವೂ ಇವೆ. ತೋಡುವ ಶ್ರಮವನ್ನೇ ಉಳಿಸಿಕೊಂಡವು ಇನ್ನು ಕೆಲವು. ಪೆಪ್ಸಿಸ್ ಎಷ್ಟೋ ಸಲ ಟ್ಯಾರಂಟುಲಾವನ್ನು ಅದರ ಸ್ವಂತ ಬಿಲದಲ್ಲೇ ಹುಗಿಯುತ್ತದೆ. ಡೈಪೊಗನ್‌ನಂಥವು ಮರದ ತೂತು, ಪೊಳ್ಳು ಕಾಂಡಗಳಲ್ಲಿ ಸಾಲಾಗಿ ಕೋಣೆ ಮಾಡಿ ನಡುವೆ ಕಸಕಡ್ಡಿಯ ಅಡ್ಡಗೋಡೆ ಹಾಕುತ್ತವೆ.

ಆಪ್ಲೋಪಸ್ ಮಾತ್ರ ಕಟ್ಟಡದ ಕಸುಬಿನದು. ನೀರು ಕುಡಿದು ಬಂದು ಒಣಮಣ್ಣಿನ ಮೇಲೆ ಕಕ್ಕಿ, ನಾದಿ ಉಂಡೆ ಮಾಡಿ, ಕಲ್ಲಿನಡಿಗೋ ಮರದ ತೊಗಟೆಯ ಸಂದಿಗೋ ಒಯ್ಯುತ್ತದೆ. ಹೊಟ್ಟೆಯ ತುದಿಯ ಚಪ್ಪಟೆ ಭಾಗವನ್ನು ಗಾರೆಯವನು ಕರಣೆ ಆಡಿಸಿದಂತೆ ಆಡಿಸಿ ಮಣ್ಣನ್ನು ಹರಡಿ ನುಣುಪು ಮಾಡುತ್ತದೆ. ಒಂದೊಂದು ಕೋಣೆಯೂ ಪುಟ್ಟ ಪೀಪಾಯಿಯ ಆಕಾರದ್ದು. ಅದರೊಳಗೆ ಕಾಲು ಕಳೆದುಕೊಂಡ ಒಂದು ಜೇಡ, ಒಂದು ಮೊಟ್ಟೆ. ಗೂಡು ಮೊದಲೇ ಸಿದ್ಧವಿರುವ ಇಂಥವುಗಳಲ್ಲಿ ಹಲವು ಹೆಣ್ಣುಗಳು ಒಂದೆಡೆ ಗೂಡುಕಟ್ಟುವ ಉದಾಹರಣೆಗಳೂ ಇವೆ. ಸಂಘಜೀವನದ ಮೊದಲ ಹೆಜ್ಜೆಯನ್ನು ಹುಡುಕುವವರಿಗೆ ಈ ಬಳಗ ಮುಖ್ಯವಾಗುವುದು ಈ ಕಾರಣಕ್ಕೆ.

ಪೂರ್ವ ಚೀನಾದ ಝೆಜಿಯಾಂಗ್ ಪ್ರಾಂತದ ಗುಟಿಯಾನ್‌ಶಾನ್ ಕಾಡಿನಲ್ಲಿ ಸಿಕ್ಕಿ 2014ರಲ್ಲಿ ಹೆಸರು ಪಡೆದ ಡ್ಯೂಟರಾಜೀನಿಯ ಒಸ್ಸೇರಿಯಮ್ ಗೂಡಿನ ಕಾವಲಿಗೆ ಬೇರೆಲ್ಲೂ ಕಾಣದ ಉಪಾಯ ಮಾಡಿದೆ. ಪೊಳ್ಳು ಕಾಂಡದಲ್ಲಿ ಮರಿಗಳ ಕೋಣೆಗಳನ್ನು ಮುಗಿಸಿದ ಮೇಲೆ ಹೆಣ್ಣು ಬಾಗಿಲ ಬಳಿ ಇನ್ನೊಂದು ಕೋಣೆ ಬಿಟ್ಟು ಅದರ ತುಂಬ ಸತ್ತ ಇರುವೆಗಳನ್ನು ತುರುಕುತ್ತದೆ. ಕುಟುಕುವ ಇರುವೆಗಳ ವಾಸನೆ ಶತ್ರುಗಳನ್ನು ದೂರವಿಡುತ್ತದೆಂದು ಸಂಶೋಧಕರು ಊಹಿಸಿದ್ದಾರೆ. ಸುತ್ತಲಿನ ಇತರ ಕಣಜಗಳ ಗೂಡುಗಳಿಗಿಂತ ಇದರ ಗೂಡುಗಳಿಗೆ ಪರಾವಲಂಬಿಗಳ ಕಾಟ ಕಡಿಮೆ.

ಮರಿ: ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಕಾಲಿಲ್ಲದ ಬಿಳಿಯ ಮರಿಹುಳು ಜೇಡದ ಹೊಟ್ಟೆಯ ಚರ್ಮಕ್ಕೆ ಬಾಯಿ ಚುಚ್ಚಿ ಮೊದಮೊದಲು ರಸವನ್ನಷ್ಟೇ ಹೀರುತ್ತದೆ. ಬೆಳೆದಂತೆ ಒಳಗಿನ ಮೆದು ಭಾಗಗಳಿಗೆ ಇಳಿಯುತ್ತದೆ. ಜೇಡದ ಜೀವ ಹೋಗುವುದು ಊಟದ ಕೊನೆಯ ಹಂತದಲ್ಲಿ. ಆಮೇಲೆ ಮರಿಹುಳು ರೇಷ್ಮೆಯ ಗೂಡು ಸುತ್ತಿಕೊಂಡು ಕೋಶಾವಸ್ಥೆಗೆ ಹೋಗುತ್ತದೆ. ಚಳಿನಾಡುಗಳಲ್ಲಿ ಬಹುಪಾಲು ಪ್ರಭೇದಗಳು ಈ ಗೂಡಿನೊಳಗೇ ಚಳಿಗಾಲ ಕಳೆಯುತ್ತವೆ. ಯುರೋಪಿನ ಅನಾಪ್ಲಿಯಸ್ ವಿಯಾಟಿಕಸ್‌ನ ಹೆಣ್ಣುಗಳು ಬೆಳೆದ ರೂಪದಲ್ಲೇ ನೆಲದಡಿ ಚಳಿಗಾಲ ದೂಡಿ ವಸಂತದಲ್ಲಿ ಮೊದಲಿಗರಾಗಿ ಬೇಟೆಗಿಳಿಯುತ್ತವೆ.

ಜೇಡದ ಗಾತ್ರವೇ ಮರಿಯ ಗಾತ್ರವನ್ನು ನಿರ್ಧರಿಸುತ್ತದೆ. ಈ ಗಣದ ಕೀಟಗಳಲ್ಲಿ ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುವುದರಿಂದ ಯಾವುದನ್ನಿಡಬೇಕೆಂಬುದು ತಾಯಿಯ ಹತೋಟಿಯಲ್ಲಿದೆ. ದೊಡ್ಡ ಜೇಡದ ಮೇಲೆ ಹೆಚ್ಚಾಗಿ ಹೆಣ್ಣುಮೊಟ್ಟೆ, ಸಣ್ಣದರ ಮೇಲೆ ಗಂಡುಮೊಟ್ಟೆ ಇಡುತ್ತದೆ. ಹೊರೆ ಎಳೆದು ನೆಲ ತೋಡಬೇಕಾದ ಮಗಳಿಗೆ ದೊಡ್ಡ ಮೈ ಬೇಕು. ಮಗನಿಗೆ ಸಣ್ಣ ಮೈಯಲ್ಲೂ ನಡೆಯುತ್ತದೆ.

ಗೂಡನ್ನೇ ಮಾಡದವುಗಳೂ ಈ ಕುಟುಂಬದಲ್ಲಿವೆ. ಯುರೋಪಿನ ಹೊಮೊನೋಟಸ್, ಹುಲ್ಲೆಲೆ ಮಡಿಸಿ ಒಳಗೆ ಕೂತ ಜೇಡವನ್ನು ಅದರ ರೇಷ್ಮೆಮನೆಯಲ್ಲೇ ಚುಚ್ಚಿ ಮೊಟ್ಟೆಯಿಟ್ಟು ಹೋಗುತ್ತದೆ. ಮಿನಾಜೀನಿಯ, ನೊಟೊಸೈಫಸ್‌ಗಳಲ್ಲಿ ಚುಚ್ಚಿದ ಅಮಲು ಬೇಗ ಇಳಿದು, ಜೇಡ ಎದ್ದು ಎಂದಿನಂತೆ ಓಡಾಡುತ್ತದೆ, ಬೇಟೆಯನ್ನೂ ಆಡುತ್ತದೆ, ಬೆನ್ನ ಮೇಲೆ ತನ್ನನ್ನೇ ಉಣ್ಣುತ್ತಿರುವ ಮರಿಯನ್ನು ಹೊತ್ತುಕೊಂಡು.

ಕಳ್ಳತನ: ಇಡೀ ಕೂಸಿನ ಊಟ ಒಂದೇ ಗಂಟಾಗಿರುವಾಗ ಕಳ್ಳರಿಗೂ ಅದರ ಮೇಲೆ ಕಣ್ಣು. ಸೆರೊಪಾಲಿಸ್ ಎಂಬ ಕಣಜ ತಾನು ಬೇಟೆಯಾಡುವುದಿಲ್ಲ. ಬೇರೆ ಹೆಣ್ಣು ಜೇಡವನ್ನು ಎಳೆದೊಯ್ಯುತ್ತಿರುವಾಗ ಎರಗಿ, ಕ್ಷಣಮಾತ್ರದಲ್ಲಿ ಜೇಡದ ಉಸಿರಾಟದ ಸೀಳಿನೊಳಗೆ ತನ್ನ ಮೊಟ್ಟೆ ತೂರಿಸಿಬಿಡುತ್ತದೆ. ನಿಜವಾದ ತಾಯಿ ಅದನ್ನು ಹೂತು, ತನ್ನ ಮೊಟ್ಟೆಯನ್ನೂ ಇಟ್ಟು ಹೋಗುತ್ತದೆ. ಕಳ್ಳಮರಿ ಮೊದಲು ಹುಟ್ಟಿ ಆ ಮೊಟ್ಟೆಯನ್ನು ನಾಶಮಾಡಿ ಜೇಡವನ್ನು ತಾನು ತಿನ್ನುತ್ತದೆ. ಎವಾಗೆಟಿಸ್‌ನದು ಇನ್ನೊಂದು ದಾರಿ: ಮುಚ್ಚಿದ ಗೂಡನ್ನು ತೋಡಿ ತೆಗೆದು, ಒಳಗಿನ ಮೊಟ್ಟೆಯನ್ನು ತಿಂದು, ತನ್ನದನ್ನಿಟ್ಟು ಮತ್ತೆ ಮುಚ್ಚುತ್ತದೆ. ಬೇಟೆ ಎಳೆಯುವ ಕಣಜದ ಹಿಂದೆಯೇ ತುಸು ಅಂತರದಲ್ಲಿ ಹಾರುತ್ತ ಬಂದು ಜೇಡದ ಮೇಲೆ ತಮ್ಮ ಮರಿಗಳನ್ನು ಉದುರಿಸಿ ಹೋಗುವ ನೊಣಗಳೂ ಇವೆ.

ಕುಂಬಾರ ಹುಳುಗಳು: ಕರ್ನಾಟಕದ ಮನೆಗಳಲ್ಲಿ ಗೋಡೆಗೆ, ಬಾಗಿಲ ಚೌಕಟ್ಟಿಗೆ, ಪುಸ್ತಕದ ಬೆನ್ನಿಗೆ ಮಣ್ಣಿನ ಗೂಡು ಮೆತ್ತುವ ತೆಳುಸೊಂಟದ ಕಣಜಗಳಲ್ಲಿ ಸೆಲಿಫ್ರಾನ್ ಜಾತಿಯವು ಜೇಡಗಳನ್ನೇ ತರುತ್ತವೆ. ಅವು ಸ್ಫೆಸಿಡೇ ಎಂಬ ಬೇರೆ ಕುಟುಂಬದವು, ಕಟ್ಟಳೆಯೂ ಬೇರೆ: ಒಂದು ಕೋಣೆಗೆ ಹಲವು ಸಣ್ಣ ಜೇಡಗಳು. ಒಂದೊಂದೂ ಹಗುರವಾದ್ದರಿಂದ ಹಾರುತ್ತಲೇ ತರಬಹುದು. ಗೂಡು ಮೊದಲೇ ಕಟ್ಟಿರಬಹುದು, ಬೇಟೆಯ ಜಾಗದಿಂದ ದೂರವೂ ಇರಬಹುದು. ಬಿದಿರಿನ ತೂತು, ಬೀಗದ ಕಂಡಿಗಳಲ್ಲಿ ಮಣ್ಣಿನ ಅಡ್ಡಗೋಡೆ ಹಾಕುವ ಟ್ರೈಪಾಕ್ಸಿಲಾನ್ ಕೂಡ ಇದೇ ಕ್ರಮದ್ದು.

ಕಣಜ ಮಣ್ಣಿನ ಗೂಡಿನೊಳಗೆ ಹುಳುವನ್ನಿಟ್ಟು ಮುಚ್ಚುವುದನ್ನೂ ಕೆಲವು ದಿನಗಳ ಮೇಲೆ ಅದೇ ಗೂಡಿನಿಂದ ಕಣಜ ಹೊರಬರುವುದನ್ನೂ ಭಾರತೀಯರು ಬಲು ಹಿಂದೆಯೇ ಗಮನಿಸಿದ್ದರು. ಭಾಗವತ, ವಿವೇಕಚೂಡಾಮಣಿಗಳಲ್ಲಿ ಬರುವ, ವಚನಕಾರರೂ ಬಳಸಿದ ಭ್ರಮರ–ಕೀಟದ ದೃಷ್ಟಾಂತ ಹುಟ್ಟಿದ್ದು ಇದರಿಂದ: ಭ್ರಮರವನ್ನೇ ನೆನೆನೆನೆದು ಕೀಟ ತಾನೇ ಭ್ರಮರವಾಗುತ್ತದೆ ಎಂಬ ನಂಬಿಕೆ. ಒಳಗೆ ಹೋದದ್ದೇನು, ಹೊರಬಂದದ್ದೇನು ಎಂಬ ನೋಟ ಸರಿಯಾಗಿಯೇ ಇತ್ತು. ಬಿಟ್ಟುಹೋದದ್ದು ನಡುವಿನ ಮೊಟ್ಟೆಯೊಂದು.

ಮನುಷ್ಯ ಮತ್ತು ಕಣಜ: ಈ ಕಣಜಗಳು ಗೂಡು ಕಾಯಲು ಮೇಲೆ ಬೀಳುವುದಿಲ್ಲ, ಹಿಡಿದರೆ, ತುಳಿದರೆ ಮಾತ್ರ ಕುಟುಕುತ್ತವೆ. ಆದರೆ ಪೆಪ್ಸಿಸ್ ಕುಟುಕಿದರೆ ಸಹಿಸುವುದು ಕಷ್ಟ. ಜಸ್ಟಿನ್ ಶ್ಮಿಟ್ ಕೀಟಗಳ ಕುಟುಕಿನ ನೋವನ್ನು ಅಳೆಯಲು ಮಾಡಿದ ಪಟ್ಟಿಯಲ್ಲಿ ಇದಕ್ಕೆ ಅತಿ ಮೇಲಿನ 4ನೆಯ ದರ್ಜೆ ಸಿಕ್ಕಿದೆ. ವಿದ್ಯುತ್ ಹೊಡೆದಂಥ ಆ ಯಾತನೆ ಇರುವುದು ಸುಮಾರು ಐದು ನಿಮಿಷ. ಆಮೇಲೆ ಸಾಮಾನ್ಯವಾಗಿ ಹಾನಿಯುಳಿಯದೆ ಇಳಿದುಹೋಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ 1989ರಲ್ಲಿ ಈ ಕಣಜವನ್ನು ತನ್ನ ರಾಜ್ಯಕೀಟವೆಂದು ಘೋಷಿಸಿತು. ಜಪಾನಿನ ಸಂಶೋಧಕರು ಅನಾಪ್ಲಿಯಸ್ ಮತ್ತು ಬ್ಯಾಟೊಜೊನೆಲಸ್ ಕಣಜಗಳ ವಿಷದಿಂದ ಬೇರ್ಪಡಿಸಿದ ಪಾಂಪಿಲಿಡೊಟಾಕ್ಸಿನ್‌ಗಳು ಕೇವಲ 13 ಅಮೈನೊ ಆಮ್ಲಗಳ ಸರಪಣಿಗಳು. ನರತಂತುವಿನ ಸೋಡಿಯಂ ದ್ವಾರಗಳು ತೆರೆದ ಮೇಲೆ ಬೇಗ ಮುಚ್ಚಿಕೊಳ್ಳದಂತೆ ಅವು ತಡೆಯುತ್ತವೆ. ನರವಿಜ್ಞಾನದ ಪ್ರಯೋಗಗಳಲ್ಲಿ ಇವನ್ನು ಬಳಸುತ್ತಾರೆ.

ಭಾರತದ ಪ್ರಭೇದಗಳನ್ನು ಒಟ್ಟುಗೂಡಿಸಿ ವಿವರಿಸಿದ ದೊಡ್ಡ ಗ್ರಂಥ ಸಿ. ಟಿ. ಬಿಂಗ್‌ಹ್ಯಾಮ್ ಅವರದು; ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಮಾಲೆಯಲ್ಲಿ 1897ರಲ್ಲಿ ಪ್ರಕಟವಾಯಿತು. ಇಂಥ ಗ್ರಂಥಗಳು ಬಣ್ಣ, ರೆಕ್ಕೆಯ ನರಗಳ ವಿನ್ಯಾಸ, ಅಳತೆಗಳನ್ನು ಕೊಡುತ್ತವೆ. ಯಾವ ಕಣಜ ಯಾವ ಜೇಡವನ್ನು ಹಿಡಿಯುತ್ತದೆ ಎಂಬುದು ಬಯಲಲ್ಲಿ ನೋಡಿದವರಿಂದಲೇ ತಿಳಿಯಬೇಕು. ಬ್ರಿಟಿಷ್ ನಾವಿಕ ಕುಕ್ಕನ ನೌಕಾಯಾನದಲ್ಲಿ 1770ರಲ್ಲಿ ಆಸ್ಟ್ರೇಲಿಯದಿಂದ ಸಂಗ್ರಹವಾದ ಅಜೀನಿಯೋಯ್ಡಿಯಸ್ ನೈಗ್ರಿಕಾರ್ನಿಸ್ ಕಣಜಕ್ಕೆ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ 1775ರಲ್ಲೇ ಹೆಸರಿಟ್ಟಿದ್ದರು. ಅದು ಅಲ್ಲಿನ ಕುಖ್ಯಾತ ವಿಷಜೇಡ ರೆಡ್‌ಬ್ಯಾಕ್ ಅನ್ನು ಬೇಟೆಯಾಡುತ್ತದೆಂಬುದು ಕೀಟಶಾಸ್ತ್ರದ ದಾಖಲೆಗೆ ಸೇರಿದ್ದು 2012ರಲ್ಲಿ, ಪಶ್ಚಿಮ ಆಸ್ಟ್ರೇಲಿಯದ ಹುಡುಗನೊಬ್ಬ ತನ್ನ ಮನೆಯ ಬಳಿ ಕಣಜವೊಂದು ರೆಡ್‌ಬ್ಯಾಕನ್ನು ಎಳೆದೊಯ್ಯುತ್ತಿದ್ದುದನ್ನು ಕಂಡ ಮೇಲೆ.